ಎಚ್ಚರ ಇರುವಾಗಲೇ ದವಡೆ ಕೂರಿಸುವುದು: ನನ್ನ ಅನುಭವ

ಹೋದ ತಿಂಗಳು ಮೈಸೂರಿನಿಂದ ಒಬ್ಬ ಹುಡುಗ ಬಂದ. ಕೈಯಲ್ಲಿ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ಅದರ ಜೊತೆ ಒಂದು ಚೀಟಿ. ಬಲಗಡೆ ಪ್ಯಾರಾಸಿಂಫಿಸಿಸ್ (ಗದ್ದದ ಪಕ್ಕ, ಕೋರೆಹಲ್ಲಿನ ಹತ್ತಿರದ ಭಾಗ) ಮುರಿದಿದೆ, ಕಾಂಡೈಲ್ (ಕಿವಿಯ ಮುಂದಿನ ದವಡೆ ಕೀಲಿನ ತುದಿ) ಸರಿ ಇದೆ, ನಿಮ್ಮ ರೀತಿಯಲ್ಲೇ ಲೋಕಲ್ಲಿನಲ್ಲಿ (ಆ ಜಾಗ ಮಾತ್ರ ಮರಗಟ್ಟಿಸಿ) ಮಾಡಿಕೊಡಿ ಅಂತ ಬರೆದಿತ್ತು. ಬರೆದವರು ನನಗಿಂತ ಹತ್ತು ಹದಿನೈದು ವರ್ಷ ಹಿರಿಯ ಸರ್ಜನ್. ಆರು ವರ್ಷದ ಹಿಂದೆ ನಾನು ಇದನ್ನು ಮಾಡ್ತೀನಿ ಅಂದಾಗ ಇವರೇ, 'ಮಂಡ್ಯದಲ್ಲಿ ಕೂತು ಇಂಥ ಸಾಹಸ ಬೇಡಪ್ಪ, ಪೇಷಂಟ್ ಟೇಬಲ್ ಮೇಲೆ ಎದ್ದು ಕೂತರೆ ಏನ್ ಮಾಡ್ತೀಯಾ' ಅಂದಿದ್ದರು. ಆ ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಈಗಲಾದರೂ ಬರೆಯೋಣ ಅನ್ನಿಸಿತು.

ನಾನು ಮಾಡುವುದು ಇಷ್ಟೇ. ಕೆಳದವಡೆಯ ಮುಂಭಾಗದಲ್ಲೋ ಪಕ್ಕದಲ್ಲೋ ಒಂದೇ ಕಡೆ ನೇರವಾಗಿ ಮುರಿದಿದ್ದರೆ, ಪೂರ್ತಿ ಪ್ರಜ್ಞೆ ತಪ್ಪಿಸದೆ, ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು, ಬಾಯೊಳಗಿಂದಲೇ ಮಿನಿ ಪ್ಲೇಟ್ ಹಾಕುತ್ತೇನೆ. ಆಮೇಲೆ ಮೇಲಿನ ಕೆಳಗಿನ ಹಲ್ಲಿಗೆ ತಂತಿ ಬಿಗಿದು ಬಾಯಿ ಕಟ್ಟುವುದಿಲ್ಲ. ಸಂಜೆಗೋ ಮಾರನೇ ದಿನವೋ ಮನೆಗೆ ಕಳಿಸುತ್ತೇನೆ. ಇದೇನೂ ನಾನು ಕಂಡುಹಿಡಿದದ್ದಲ್ಲ. ಸಣ್ಣ ಪ್ಲೇಟು, ಮೂಳೆಯ ಹೊರಪದರಕ್ಕೆ ಮಾತ್ರ ಹೋಗುವ ಸ್ಕ್ರೂ ಸಾಕು ಅಂತ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಸರ್ಜನ್ ಶಾಂಪಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಲೋಕಲ್ಲಿನಲ್ಲಿ ಪ್ಲೇಟ್ ಹಾಕುವವರು ಬೇರೆ ಕಡೆಯೂ ಇದ್ದಾರೆ. ಆದರೆ ನಮ್ಮ ಕಡೆ, ಸಣ್ಣ ಆಸ್ಪತ್ರೆಯಲ್ಲಿ, ಇದನ್ನೇ ದಿನದ ಕೆಲಸ ಮಾಡಿಕೊಳ್ಳಬಹುದು ಅಂತ ಯಾರೂ ಒಪ್ಪುತ್ತಿರಲಿಲ್ಲ.

ಶುರುವಾದದ್ದು ದುಡ್ಡಿನಿಂದ. ಮಳವಳ್ಳಿ ಕಡೆಯ ಒಬ್ಬ ಪೇಂಟರ್ ಬಂದಿದ್ದ. ಏಣಿಯಿಂದ ಬಿದ್ದು ದವಡೆ ಮುರಿದಿತ್ತು. ಸರ್ಕಾರಿ ಯೋಜನೆಯ ಕಾರ್ಡಿನಲ್ಲಿ ಏನೋ ಹೆಸರಿನ ತೊಂದರೆ, ಅದು ಸರಿಯಾಗುವ ಹೊತ್ತಿಗೆ ಮೂರು ವಾರ ಆಗುತ್ತೆ ಅಂದರು. ಕೈಯಿಂದ ಕಟ್ಟಿ ಮಾಡಿಸಿಕೊಂಡರೆ ಎಷ್ಟು ಅಂತ ಕೇಳಿದ. ಆಗ ನಮ್ಮಲ್ಲಿ ಎಲ್ಲ ಸೇರಿ 38 ಸಾವಿರವೋ 40 ಸಾವಿರವೋ ಆಗುತ್ತಿತ್ತು. ಅನಸ್ತೇಶಿಯಾ, ಓಟಿ ಬಾಡಿಗೆ, ಮೂರು ನಾಲ್ಕು ದಿನದ ವಾರ್ಡು, ರಕ್ತ ಪರೀಕ್ಷೆ, ಎಕೋ, ಫಿಟ್ನೆಸ್. ಪ್ಲೇಟು ಸ್ಕ್ರೂಗಳ ಬೆಲೆ ಅದರಲ್ಲಿ ಹತ್ತನೇ ಒಂದು ಭಾಗ ಅಷ್ಟೇ. ಅದರ ಮೇಲೆ ಒಂದು ತಿಂಗಳು ಬಾಯಿ ಕಟ್ಟಿದರೆ ಕೂಲಿಯೂ ಇಲ್ಲ. ಅವನು ಸುಮ್ನೆ ಎದ್ದು ಹೋದ. ಒಂದೂವರೆ ತಿಂಗಳ ಮೇಲೆ ಬಂದಾಗ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು, ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ತಾಗುತ್ತಿರಲಿಲ್ಲ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಬರುವ ಮುರಿತಗಳು ಎಂಥವು ಅಂತ ಮೊದಲು ಹೇಳಿಬಿಡುತ್ತೇನೆ. ಊರು ಬದಲಾದರೆ ಮುರಿಯುವ ರೀತಿಯೂ ಬದಲಾಗುತ್ತೆ. ಜಾಸ್ತಿ ಬರುವವರು ಇಪ್ಪತ್ತರಿಂದ ನಲವತ್ತರ ಗಂಡಸರು, ಬೈಕಿನಿಂದ ಬಿದ್ದವರು. ಕಬ್ಬು ಅರೆಯುವ ಕಾಲ ಬಂತು ಅಂದರೆ ನನಗೆ ಭಯ. ಹಿಂಭಾಗದಲ್ಲಿ ಲೈಟೂ ಇಲ್ಲದೆ ರಿಫ್ಲೆಕ್ಟರೂ ಇಲ್ಲದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ಕತ್ತಲಲ್ಲಿ ರಸ್ತೆ ಬದಿ ನಿಂತಿರುತ್ತೆ, ಬೈಕಿನವನು ನೇರ ಹೋಗಿ ಗದ್ದ ಕೊಡುತ್ತಾನೆ. 2023ರ ಆಗಸ್ಟಿನಿಂದ ಬೆಂಗಳೂರು ಮೈಸೂರು ಹೈವೇಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಎಲ್ಲರೂ ಸರ್ವಿಸ್ ರಸ್ತೆಗೆ ಬಂದರು. ನಾನು ನೋಡಿದ ಹಾಗೆ ಸರ್ವಿಸ್ ರಸ್ತೆಯಲ್ಲಿ ಬಿದ್ದ ಕೇಸುಗಳಲ್ಲಿ ಜೀವಕ್ಕೆ ಅಪಾಯ ಕಡಿಮೆ, ದವಡೆ ಮುರಿತ ಜಾಸ್ತಿ. ವೇಗ ಕಡಿಮೆ, ಆದರೆ ಹೆಲ್ಮೆಟ್ ಮಾತ್ರ ಅದೇ ಅರ್ಧ ಟೋಪಿ. ಅದು ತಲೆ ಮುಚ್ಚುತ್ತೆ, ಗದ್ದ ಮುಚ್ಚಲ್ಲ.

ಬೈಕಿನವರದು ಹೆಚ್ಚಾಗಿ ಪ್ಯಾರಾಸಿಂಫಿಸಿಸ್. ಕೋರೆಹಲ್ಲಿನ ಬೇರು ಉದ್ದ, ಅಲ್ಲಿ ಮೂಳೆ ತೆಳ್ಳಗಾಗಿರುತ್ತೆ. ಆ ಕಡೆ ಮುರಿದರೆ ಎದುರು ಕಡೆಯ ಕಾಂಡೈಲನ್ನೋ ಆಂಗಲನ್ನೋ (ಕಿವಿಯ ಕೆಳಗಿನ ದವಡೆಯ ಮೂಲೆ) ನೋಡಲೇಬೇಕು. ಕೆಳದವಡೆ ಬಳೆಯ ಹಾಗೆ, ಒಂದೇ ಕಡೆ ಒಡೆದು ಸುಮ್ಮನಿರುವುದು ಕಡಿಮೆ. ಹೊಡೆದಾಟದ್ದು ಬೇರೆ ಲೆಕ್ಕ. ಹೊಡೆಯುವವನು ಬಲಗೈಯವನಾದ್ದರಿಂದ ಏಟು ಎಡ ಆಂಗಲ್ಲಿಗೆ ಬೀಳುತ್ತೆ, ಅಲ್ಲಿ ಹೊರಗೆ ಬರದ ಬುದ್ಧಿಹಲ್ಲು ಇದ್ದರೆ ಕತೆ ಮುಗಿಯಿತು. ಹಬ್ಬ, ಜಾತ್ರೆ, ಎಲೆಕ್ಷನ್ ಮುಗಿದ ವಾರ ಇಂಥವರು ಬರುತ್ತಾರೆ, ಬಂದು 'ಬಚ್ಚಲಲ್ಲಿ ಜಾರಿಬಿದ್ದೆ ಸಾ' ಅನ್ನುತ್ತಾರೆ. ನಾನು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಮಾಡಿಸದೆ ಕೈ ಇಡುವುದಿಲ್ಲ. ಉಳಿದಂತೆ ಹಸು ಒದ್ದದ್ದು, ತೆಂಗಿನಮರದಿಂದ ಬಿದ್ದದ್ದು, ಕಬಡ್ಡಿಯಲ್ಲಿ ಮೊಣಕಾಲು ತಾಗಿದ್ದು. ಹಾಲು ಕರೆಯುವಾಗ ಒದೆ ತಿಂದ ಹೆಂಗಸರು ವರ್ಷಕ್ಕೆ ಇಬ್ಬರು ಮೂವರಾದರೂ ಬರುತ್ತಾರೆ.

ಮೊದಲನೇ ಕೇಸು ನೆನೆಸಿಕೊಂಡರೆ ಈಗಲೂ ಕೈ ಬೆವರುತ್ತೆ. ಪಾಂಡವಪುರ ಕಡೆಯವರು, ಸುಮಾರು ಮೂವತ್ತು ವಯಸ್ಸು, ಎಡ ಪ್ಯಾರಾಸಿಂಫಿಸಿಸ್. ಎರಡೂ ಕಡೆ ಬ್ಲಾಕ್ ಕೊಟ್ಟೆ, ತುಟಿ ಪೂರ್ತಿ ಮರಗಟ್ಟಿತು. ಕೊಯ್ದಾಗ ಸುಮ್ಮನಿದ್ದರು. ಮೇಲಿನ ಪ್ಲೇಟ್ ಕೂರಿಸಿದಾಗಲೂ ಸುಮ್ಮನಿದ್ದರು. ಕೆಳಗಿನ ಪ್ಲೇಟಿಗೆ ಅಂತ ದವಡೆಯ ಕೆಳಅಂಚಿನವರೆಗೆ ಎಲಿವೇಟರ್ (ಮೂಳೆಯಿಂದ ಮಾಂಸ ಬಿಡಿಸುವ ಉಪಕರಣ) ಹಾಕಿ ಎಳೆದದ್ದೇ ತಡ, ಕಿರುಚಿಕೊಂಡು ನನ್ನ ಕೈ ಹಿಡಿದುಬಿಟ್ಟರು. ಮತ್ತೆ ಎಷ್ಟು ಬ್ಲಾಕ್ ಕೊಟ್ಟರೂ ಅದೇ ನೋವು. ಕೊನೆಗೆ ಒಂದೇ ಪ್ಲೇಟಿಗೆ ಬಿಟ್ಟು, ಆರ್ಚ್ ಬಾರ್ (ಹಲ್ಲಿನ ಸಾಲಿಗೆ ತಂತಿಯಲ್ಲಿ ಬಿಗಿಯುವ ಲೋಹದ ಪಟ್ಟಿ) ಹಾಕಿ, ನಾಲ್ಕು ವಾರ ಬಾಯಿ ಕಟ್ಟಿದೆ. ಮೂಳೆಯೇನೋ ಚೆನ್ನಾಗಿ ಕೂಡಿತು. ಆದರೆ ಅವರಿಗೆ ನಾನು ಹೇಳಿದ ಮಾತು ಉಳಿಯಲಿಲ್ಲ. ಅರ್ಧ ದುಡ್ಡು ವಾಪಸ್ ಕೊಟ್ಟೆ. ಜೊತೆಗಿದ್ದ ಅನಸ್ತೇಶಿಯಾದ ಗೆಳೆಯ, 'ಇನ್ಮೇಲೆ ಬಿಟ್ಬಿಡು' ಅಂದ.

ಕಾರಣ ಓದಿದವರಿಗೆಲ್ಲ ಗೊತ್ತಿರುವುದೇ. ದವಡೆಯ ಕೆಳಅಂಚು, ಗದ್ದದ ಕೆಳಗಿನ ಚರ್ಮ, ಇವಕ್ಕೆ ಕುತ್ತಿಗೆಯ ನರದ ಕೊಂಬೆಗಳೂ ಬರುತ್ತವೆ. ನಾವು ಬಾಯೊಳಗೆ ಎಷ್ಟೇ ಬ್ಲಾಕ್ ಕೊಟ್ಟರೂ ಆ ಜಾಗ ಪೂರ್ತಿ ಸತ್ತಿರಲ್ಲ. ಗೊತ್ತಿರುವುದು ಬೇರೆ, ಟೇಬಲ್ ಪಕ್ಕ ನಿಂತಾಗ ನೆನಪಾಗುವುದು ಬೇರೆ. ಅಲ್ಲಿಂದ ಮುಂದೆ ಬ್ಲಾಕ್ ಕೊಟ್ಟ ಮೇಲೆ ಹೊರಗಿನಿಂದ ಕೆಳಅಂಚಿನ ಉದ್ದಕ್ಕೂ ಸ್ವಲ್ಪ ಸ್ವಲ್ಪ ಕೊಡುತ್ತೇನೆ. ಎಲ್ಲಿ ಚುಚ್ಚಬೇಕು, ಯಾವ ಕೋನದಲ್ಲಿ, ಎಷ್ಟು ಹೊತ್ತು ಮೊದಲು ಅನ್ನುವುದಕ್ಕೆ ನಾನೇ ಕಂಡುಕೊಂಡ ಒಂದು ಕ್ರಮ ಇದೆ, ಅದನ್ನು ಬರೆದು ತಿಳಿಸಲು ಹೋಗಲ್ಲ. ಬಂದು ಪಕ್ಕದಲ್ಲಿ ನಿಂತರೆ ತೋರಿಸುತ್ತೇನೆ. ಇಬ್ಬರು ಬಂದು ಕಲಿತು ಹೋಗಿದ್ದಾರೆ.

ಔಷಧಿಯ ಲೆಕ್ಕದಲ್ಲಿ ಮಾತ್ರ ಧೈರ್ಯ ಮಾಡಬೇಡಿ. ಮರಗಟ್ಟಿಸುವ ಔಷಧಿ 2% ಲಿಗ್ನೋಕೇನ್, ಅಡ್ರಿನಲಿನ್ ಜೊತೆ ಅಂದರೆ ಕೆಜಿಗೆ 7 ಮಿಲಿಗ್ರಾಂ ಮಿತಿ. 60 ಕೆಜಿಯವರಿಗೆ 420 ಮಿಲಿಗ್ರಾಂ, ಅಂದರೆ 21 ಎಂಎಲ್. ನಾನು 14-15 ಎಂಎಲ್ ದಾಟುವುದಿಲ್ಲ. ಎಷ್ಟು ಹೋಯಿತು ಅಂತ ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಾ ಇರಬೇಕು, ಇದು ನಮ್ಮಲ್ಲಿ ಕಡ್ಡಾಯ. ಮುಗಿಯುವಾಗ ನೋವು ಬೇಗ ಬರದಿರಲಿ ಅಂತ ಸ್ವಲ್ಪ ಬುಪಿವಕೇನ್ ಕೊಡುತ್ತೇನೆ, ಅದನ್ನೂ ಒಟ್ಟು ಲೆಕ್ಕಕ್ಕೇ ಸೇರಿಸಬೇಕು. ಬಿಪಿ ಜಾಸ್ತಿ ಇದ್ದರೆ ಅವತ್ತು ಮಾಡುವುದೇ ಇಲ್ಲ. ಐವಿ ಲೈನ್, ಆಕ್ಸಿಜನ್, ಮಾನಿಟರ್ ಇಲ್ಲದೆ ಶುರು ಮಾಡುವುದಿಲ್ಲ. ಅನಸ್ತೇಶಿಯಾದ ಗೆಳೆಯನಿಗೆ ಮೊದಲೇ ಫೋನ್ ಮಾಡಿ ಊರಲ್ಲೇ ಇರ್ತಾನಾ ಅಂತ ಕೇಳಿಕೊಂಡಿರುತ್ತೇನೆ.

ಈಗ ಮುಖ್ಯ ವಿಷಯ. ಪೇಷಂಟ್ ಎಚ್ಚರ ಇರುವುದು ತೊಂದರೆ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಹತ್ತು ಹದಿನೈದು ಕೇಸು ಆದ ಮೇಲೆ ಗೊತ್ತಾಯಿತು, ಅದೇ ದೊಡ್ಡ ಅನುಕೂಲ. ಪ್ರಜ್ಞೆ ತಪ್ಪಿಸಿದಾಗ ಸ್ನಾಯುಗಳೆಲ್ಲ ಸಡಿಲ, ದವಡೆ ಹಿಂದಕ್ಕೆ ಜೋಲುತ್ತೆ, ಅದಕ್ಕೇ ಆರ್ಚ್ ಬಾರ್ ಹಾಕಿ ಮುಕ್ಕಾಲು ಗಂಟೆ ತಂತಿ ತಿರುಚಿ ಹಲ್ಲು ಕೂರಿಸಬೇಕು. ಎಚ್ಚರ ಇರುವವನಿಗೆ 'ಕಚ್ಚಪ್ಪ' ಅಂದರೆ ಸಾಕು. ಇಪ್ಪತ್ತೋ ಮೂವತ್ತೋ ವರ್ಷದಿಂದ ದಿನಾ ಕಚ್ಚಿದ ಜಾಗ ಅವನ ಸ್ನಾಯುಗಳಿಗೆ ಗೊತ್ತು. ನಾನು ಎರಡು ತುಂಡನ್ನು ಹತ್ತಿರ ತಂದು ಹಿಡಿಯುತ್ತೇನೆ, ಅವನು ಕಚ್ಚುತ್ತಾನೆ, ಅಸಿಸ್ಟೆಂಟ್ ಗದ್ದಕ್ಕೆ ಕೈ ಕೊಡುತ್ತಾರೆ, ಪ್ಲೇಟ್ ಕೂರುತ್ತೆ. ಮರಗಟ್ಟಿದ ಹಲ್ಲಿಗೆ ಪೂರ್ತಿ ಗೊತ್ತಾಗಲ್ಲ ನಿಜ, ಆದರೆ ಮೇಲಿನ ಹಲ್ಲಿಗೆ ನಾವು ಇಂಜೆಕ್ಷನ್ನೇ ಕೊಟ್ಟಿರುವುದಿಲ್ಲವಲ್ಲ. ಅದಕ್ಕೆ ತಾಗುವುದು ಗೊತ್ತಾಗುತ್ತೆ. ಮದ್ದೂರಿನ ಒಬ್ಬ ಡ್ರೈವರ್ ಎರಡನೇ ಸ್ಕ್ರೂ ಹಾಕುವಾಗ ಕೈ ಎತ್ತಿ ತೋರಿಸಿದ. ಏನಪ್ಪ ನೋವಾ ಅಂದೆ. 'ನೋವಿಲ್ಲ ಸಾ, ಎಡಗಡೆ ಹಲ್ಲು ಕೂರ್ತಿಲ್ಲ' ಅಂದ. ಕಣ್ಣಿಗೆ ನನಗೆ ಸರಿಯಾಗಿಯೇ ಕಂಡಿತ್ತು. ಸ್ಕ್ರೂ ಬಿಚ್ಚಿ ಮತ್ತೆ ಕೂರಿಸಿದೆ, ಕೂದಲೆಳೆಯಷ್ಟು ವ್ಯತ್ಯಾಸ. 'ಈಗ ಕೂತ್ಕೊಂತು' ಅಂದ.

ತುಂಡುಗಳನ್ನು ಹತ್ತಿರ ಹಿಡಿಯಲು ಮೊದಲು ದುಬಾರಿ ರಿಡಕ್ಷನ್ ಫೋರ್ಸೆಪ್ಸ್ ತರಿಸಿದೆ, ಸುಮಾರು 9 ಸಾವಿರ. ನಮ್ಮ ಜನರ ಸಣ್ಣ ಬಾಯಿಗೆ ಅದು ತೂರುತ್ತಿರಲಿಲ್ಲ. ಈಗ ಉಪಯೋಗಿಸುವುದು ಆಪರೇಷನ್ ಬಟ್ಟೆ ಹಿಡಿಸುವ ಗಟ್ಟಿ ಟವೆಲ್ ಕ್ಲಿಪ್. ಮುರಿದ ಗೆರೆಯ ಎರಡೂ ಕಡೆ ಕೆಳಅಂಚಿನ ಹತ್ತಿರ ಒಂದೊಂದು ಸಣ್ಣ ತೂತು, ಅದರಲ್ಲಿ ಕ್ಲಿಪ್ಪಿನ ತುದಿ. ತೂತುಗಳು ಗೆರೆಯಿಂದ ಒಂದು ಸೆಂಟಿಮೀಟರ್ ದೂರವಾದರೂ ಇರಲಿ, ಹತ್ತಿರ ಮಾಡಿದರೆ ಮೂಳೆ ಒಡೆದು ಕೈಗೇ ಬರುತ್ತೆ. ಮುಂಭಾಗದ ಮುರಿತಕ್ಕೆ ಎರಡು ಪ್ಲೇಟ್ ಬೇಕೇ ಬೇಕು, ಅಲ್ಲಿ ತಿರುಚುವ ಬಲ ಇರುತ್ತೆ. ಪ್ಲೇಟು 2 ಎಂಎಂ ಟೈಟಾನಿಯಂ. ಮೇಲಿನದಕ್ಕೆ 6 ಎಂಎಂ ಸ್ಕ್ರೂ, ಕೆಳಗಿನದಕ್ಕೆ 8. ಡ್ರಿಲ್ ಮಾಡುವಾಗ ಸಲೈನ್ ಧಾರಾಳವಾಗಿ ಹರಿಯಲಿ. ಎಚ್ಚರ ಇರುವವನ ಬಾಯಲ್ಲಿ ನೀರು ತುಂಬಿದರೆ ಗಾಬರಿಯಾಗುತ್ತಾನೆ, ಅದಕ್ಕೇ ಎರಡು ಸಕ್ಷನ್ ಇಟ್ಟುಕೊಳ್ಳುತ್ತೇನೆ ಮತ್ತು ಪೂರ್ತಿ ಮಲಗಿಸದೆ ಅರ್ಧ ಕೂರಿಸಿರುತ್ತೇನೆ. ಹೊಲಿಯುವಾಗ ಗದ್ದದ ಮೆಂಟಾಲಿಸ್ ಸ್ನಾಯುವನ್ನು ಬೇರೆ ಪದರವಾಗಿ ಹೊಲಿಯಿರಿ. ಆತುರದಲ್ಲಿ ಒಂದೇ ಪದರ ಹೊಲಿದ ಒಬ್ಬರ ಗದ್ದ ಜೋತುಬಿದ್ದದ್ದನ್ನು ನಾನೇ ನೋಡಿದ್ದೇನೆ, ಹೊಲಿದವನೂ ನಾನೇ.

ಎಚ್ಚರ ಅನ್ನುವುದನ್ನು ಬಿಟ್ಟುಕೊಟ್ಟಾಗಲೆಲ್ಲ ಪೆಟ್ಟು ತಿಂದೆ. ಜನ ಹೆದರುತ್ತಾರೆ, ಮಂಪರು ಬರಿಸುವ ಮಿಡಜೋಲಾಮ್ ಸ್ವಲ್ಪ ಕೊಡೋಣ ಅಂತ ನಾಲ್ಕೈದು ಕೇಸಿನಲ್ಲಿ ಪ್ರಯತ್ನಿಸಿದೆ. ಪೇಷಂಟ್ ಅರೆನಿದ್ದೆಯಲ್ಲಿ ನಗುತ್ತಾ ಇರುತ್ತಾರೆ, ಕಚ್ಚು ಅಂದರೆ ಬಾಯಿ ತೆರೆಯುತ್ತಾರೆ. ಆ ನಾಲ್ಕೈದರಲ್ಲಿ ಇಬ್ಬರಿಗೆ ಹಲ್ಲು ಕೂರುವುದು ಸ್ವಲ್ಪ ಹೆಚ್ಚು ಕಡಿಮೆಯಾಗಿ ಆಮೇಲೆ ರಬ್ಬರ್ ಬ್ಯಾಂಡ್ ಹಾಕಬೇಕಾಯಿತು. ಈಗ ಹಿಂದಿನ ರಾತ್ರಿ ನಿದ್ದೆಗೆ ಸಣ್ಣ ಮಾತ್ರೆ, ಅಷ್ಟೇ. ಡ್ರಿಲ್ ಶಬ್ದ ಕೇಳದಿರಲಿ ಅಂತ ಇಯರ್‌ಫೋನಿನಲ್ಲಿ ಹಾಡು ಹಾಕಿಸಿದೆ. ಅದು ಒಳ್ಳೆಯ ಉಪಾಯವೇ, ಅಣ್ಣಾವ್ರ ಹಾಡು ಬಂದರೆ ಬಿಪಿ ಕೂಡ ಇಳಿಯುತ್ತೆ, ನಾನು ಮಾನಿಟರಿನಲ್ಲೇ ನೋಡಿದ್ದೇನೆ. ಆದರೆ ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಈಗ ಒಂದೇ ಕಿವಿಗೆ.

ನನ್ನ ದೊಡ್ಡ ತಪ್ಪು ಕಾಂಡೈಲಿನದು. ಎರಡನೇ ವರ್ಷ ಇರಬೇಕು. ಹತ್ತೊಂಬತ್ತು ವರ್ಷದ ಹುಡುಗ, ಗದ್ದದ ಕೆಳಗೆ ಬೇರೆ ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿ ಕಳಿಸಿದ್ದರು. ಸಿಂಫಿಸಿಸ್, ಅಂದರೆ ಗದ್ದದ ನಟ್ಟನಡುವಿನ ಮುರಿತ ಎದ್ದು ಕಾಣುತ್ತಿತ್ತು. ಒಪಿಜಿಯಲ್ಲಿ ಕಾಂಡೈಲ್ ಮಸುಕಾಗಿತ್ತು, ಮತ್ತೆ ತೆಗೆಸಲಿಲ್ಲ. ಪ್ಲೇಟ್ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ. ನಾಲ್ಕನೇ ದಿನ ಬಂದ, ಹಿಂದಿನ ದವಡೆಹಲ್ಲು ಮಾತ್ರ ತಾಗುತ್ತಿದೆ, ಮುಂದೆ ಬಾಯಿ ತೆರೆದುಕೊಂಡೇ ಇದೆ. ಕಾಂಡೈಲ್ ಕಾಣುವ ಎಕ್ಸ್‌ರೇ, ಟೌನ್ಸ್ ವ್ಯೂ ತೆಗೆಸಿದರೆ ಎರಡೂ ಕಾಂಡೈಲ್ ಮುರಿದಿದೆ. ಗದ್ದದ ಮೇಲೆ ನೇರ ಬಿದ್ದವನಿಗೆ ಆಗುವುದೇ ಅದು, ಪರೀಕ್ಷೆಯಲ್ಲಿ ಬರೆದು ಪಾಸಾದ ಪ್ರಶ್ನೆ. ಪುಣ್ಯಕ್ಕೆ ಮೂಳೆ ತುಂಬಾ ಜರುಗಿರಲಿಲ್ಲ. ಆರ್ಚ್ ಬಾರ್ ಹಾಕಿ ಎರಡು ವಾರ ಕಟ್ಟಿ, ಆಮೇಲೆ ಎಲಾಸ್ಟಿಕ್ ಹಾಕಿ, ದಿನಾ ಬಾಯಿ ತೆರೆಯುವ ವ್ಯಾಯಾಮ ಮಾಡಿಸಿ, ಎರಡೂವರೆ ತಿಂಗಳಿಗೆ ಸರಿಹೋಯಿತು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅವನ ಅಮ್ಮ ಪ್ರತಿ ಸಲ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು, ಒಂದು ದಿನವೂ ನನ್ನನ್ನು ಬೈಯಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚು ನೋವಾಯಿತು.

ಅವತ್ತಿನಿಂದ ಗದ್ದದ ಕೆಳಗೆ ಹೊಲಿಗೆ ಕಂಡರೆ ಮೊದಲು ಎರಡೂ ಕಿವಿಯೊಳಗೆ ಬೆರಳಿಟ್ಟು ಬಾಯಿ ತೆರೆಸುತ್ತೇನೆ. ಕಾಂಡೈಲ್ ಬೆರಳಿಗೆ ಸಿಗುತ್ತೋ ಇಲ್ಲವೋ, ದವಡೆ ಯಾವ ಕಡೆ ವಾಲುತ್ತೆ, ಇವೆರಡನ್ನೂ ನೋಡದೆ ಮುಂದೆ ಹೋಗುವುದಿಲ್ಲ. ಕಾಂಡೈಲ್ ಜರುಗಿದ್ದರೆ, ಚೂರು ಚೂರಾಗಿದ್ದರೆ, ಮಕ್ಕಳಾದರೆ, ಕೀವು ಆಗಿದ್ದರೆ, ಕುಡಿದು ಬಂದಿದ್ದರೆ ನಾನು ಈ ರೀತಿ ಮಾಡುವುದಿಲ್ಲ. ಬಿದ್ದಾಗ ವಾಂತಿ ಆಯಿತು, ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲ ಅಂದರೆ ದವಡೆಯನ್ನು ಮುಟ್ಟುವುದೂ ಇಲ್ಲ, ಮುರಿದ ಗೆರೆಯ ಆಚೀಚೆ ಎರಡೆರಡು ಹಲ್ಲಿಗೆ 26 ಗೇಜ್ ತಂತಿ ಸುತ್ತಿ ಬಿಗಿದು ಮೈಸೂರಿಗೆ ಸಿಟಿ ಸ್ಕ್ಯಾನಿಗೆ ಕಳಿಸುತ್ತೇನೆ. ಆ ಒಂದು ಸುತ್ತು ತಂತಿಗೆ ಎಷ್ಟು ನೋವು ಕಡಿಮೆಯಾಗುತ್ತೆ ಅಂದರೆ, ಕೆಲವರು ಅಷ್ಟಕ್ಕೇ ಗುಣವಾಯಿತು ಅಂದುಕೊಂಡು ಮನೆಗೆ ಹೊರಟುಬಿಡುತ್ತಾರೆ. ಕೂರಿಸಿ ಹೇಳಬೇಕು.

ಆಮೇಲೆ ಊಟ. ಬಾಯಿ ಕಟ್ಟುತ್ತಿದ್ದ ಕಾಲದಲ್ಲಿ ನಾಲ್ಕು ವಾರಕ್ಕೆ ಐದಾರು ಕೆಜಿ ಇಳಿಯುತ್ತಿದ್ದರು, ನಾನು ತೂಕ ಬರೆದಿಡುತ್ತಿದ್ದೆ. ರಾಗಿ ಗಂಜಿ ಸೋಸಿ ಸ್ಟ್ರಾದಲ್ಲಿ ಕುಡಿಯಬೇಕು, ಸೋಸದಿದ್ದರೆ ಕಟ್ಟಿಕೊಳ್ಳುತ್ತೆ. ಹೊಲದಲ್ಲಿ ದುಡಿಯುವವರಿಗೆ ಅದು ಯಾವ ಮೂಲೆಗೆ? ಈಗ ಮೂರನೇ ದಿನದಿಂದ ಮೆತ್ತಗೆ ತೊಳಸಿದ ಮುದ್ದೆ ತಿನ್ನಿ ಅನ್ನುತ್ತೇನೆ. ಮೈಸೂರಿನ ಗೆಳೆಯರಿಗೆ ಇದನ್ನು ಹೇಳಿದಾಗ ಗಾಬರಿಯಾದರು. ಆದರೆ ಮುದ್ದೆಯನ್ನು ಯಾರು ಅಗಿಯುತ್ತಾರೆ? ಸಣ್ಣ ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗುವುದು ತಾನೆ. ದವಡೆಗೆ ಅನ್ನಕ್ಕಿಂತ ಮುದ್ದೆಯೇ ಹಗುರ. ಖಾರ ಮಾತ್ರ ಹೊಲಿಗೆಗೆ ಉರಿಯುತ್ತೆ, ಅದಕ್ಕೆ ಮೊದಲ ವಾರ ಉಪ್ಸಾರಿನ ಖಾರ ಬೇಡ, ಸಪ್ಪೆ ಬೇಳೆಕಟ್ಟು ಸಾಕು. ಊಟ ಆದ ಮೇಲೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ಈ ಊಟ ಶುರು ಮಾಡಿಸಿದ ಮೇಲೆ ಒಂದೂವರೆ ಎರಡು ಕೆಜಿಗಿಂತ ಜಾಸ್ತಿ ಇಳಿದವರನ್ನು ನಾನು ಕಂಡಿಲ್ಲ.

ಅತಿಯಾದ ಧೈರ್ಯ ಅವರದೂ ಇರುತ್ತೆ. ಕೆ.ಆರ್.ಪೇಟೆ ಕಡೆಯ ಒಬ್ಬರು ಹನ್ನೆರಡನೇ ದಿನ ಗದ್ದೆಯಲ್ಲಿ ಕಬ್ಬು ಸಿಗಿದು ಕಚ್ಚಿದ್ದಾರೆ. 'ನೋವೇ ಇರ್ನಿಲ್ಲ ಸಾ, ಅದ್ಕೇ ಕಚ್ಚಿದೆ' ಅಂದರು. ಎರಡು ಸ್ಕ್ರೂ ಸಡಿಲ, ಗದ್ದ ಊದಿಕೊಂಡು ಕೀವು. ಜೊತೆಗೆ ಕಡ್ಡಿಪುಡಿ ಹಾಕುವ ಅಭ್ಯಾಸ, ಸರಿಯಾಗಿ ಹೊಲಿಗೆ ಇರುವ ಕಡೆಯೇ ಒತ್ತಿಟ್ಟುಕೊಳ್ಳುತ್ತಿದ್ದರು. ತೊಳೆದು, ಆ್ಯಂಟಿಬಯಾಟಿಕ್ ಕೊಟ್ಟು, ಮೂರು ವಾರ ಬಾಯಿ ಕಟ್ಟಿ, ಎರಡು ತಿಂಗಳಿಗೆ ಮೂಳೆ ಕೂಡಿದ ಮೇಲೆ ಪ್ಲೇಟ್ ತೆಗೆದೆ. ಈಗ ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತೆ: ಆರು ವಾರ ಕಬ್ಬು, ಚಕ್ಕುಲಿ, ಹುರಿಗಡಲೆ, ಮೂಳೆ ಚೀಪುವುದು ಬೇಡ, ಕಡ್ಡಿಪುಡಿ ಬೇಡವೇ ಬೇಡ. ಓದಲು ಬಾರದವರ ಮನೆಯವರಿಗೆ ಬಾಯಲ್ಲಿ ಹೇಳಿ, ವಾಪಸ್ ಹೇಳಿಸಿಕೊಳ್ಳುತ್ತೇನೆ.

ಕೋರೆಹಲ್ಲಿನ ಬೇರಿಗೆ ಸ್ಕ್ರೂ ಹೋದದ್ದು ಎರಡು ಸಲ. ಒಂದು ಹಲ್ಲು ಕಪ್ಪಾಯಿತು, ರೂಟ್ ಕೆನಾಲ್ ನನ್ನ ಖರ್ಚಿನಲ್ಲೇ ಮಾಡಿಸಿಕೊಟ್ಟೆ. ತುಟಿ ಜೋಮು ಹಿಡಿಯುವುದು ಇದ್ದೇ ಇದೆ, ಎಷ್ಟೋ ಜನರಿಗೆ ಬೀಳುವಾಗಲೇ ನರ ಜಜ್ಜಿರುತ್ತೆ. ಆಪರೇಷನ್ ಮೊದಲು ಹತ್ತಿ ತಾಗಿಸಿ ನೋಡಿ, ಜೋಮು ಇದ್ದರೆ ಬರೆದು ಅವರ ಸಹಿ ತೆಗೆದುಕೊಳ್ಳಿ. ನಾನು ಒಮ್ಮೆ ಬರೆಯದೆ ಬಿಟ್ಟು, ಆಮೇಲೆ ಊರಿನ ನಾಲ್ಕು ಜನ ಬಂದು ಕೂತು ನ್ಯಾಯ ಮಾಡಿ 10 ಸಾವಿರ ಕೊಡಬೇಕಾಯಿತು.

ದುಡ್ಡಿನ ಮಾತು ಪೂರ್ತಿ ಮಾಡುತ್ತೇನೆ. ಎರಡು ಪ್ಲೇಟು, ಎಂಟು ಸ್ಕ್ರೂ, ನಮ್ಮ ದೇಶದ್ದೇ, ಮೂರೂವರೆಯಿಂದ ನಾಲ್ಕು ಸಾವಿರ. ಯಾರಿಂದ ತರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅವರು ನನಗೆ ಕೊಡುವ ಬೆಲೆ ಬೇರೆಯವರಿಗೆ ಗೊತ್ತಾದರೆ ಅವರಿಗೇ ತೊಂದರೆ. ಔಷಧಿ, ಓಟಿ, ಒಂದು ದಿನದ ಬೆಡ್, ನನ್ನ ಫೀಸು ಎಲ್ಲ ಸೇರಿ 14-15 ಸಾವಿರಕ್ಕೆ ಮುಗಿಯುತ್ತೆ. ಕಾರ್ಡ್ ಸರಿ ಇರುವವರಿಗೆ ಯೋಜನೆಯಲ್ಲಿ ಎಲ್ಲಿ ಆಗುತ್ತೋ ಅಲ್ಲಿಗೆ ನಾನೇ ಬರೆದು ಕಳಿಸುತ್ತೇನೆ, ಅವರ ದುಡ್ಡು ಯಾಕೆ ಖರ್ಚಾಗಬೇಕು. ನನ್ನ ಹತ್ತಿರ ಉಳಿಯುವವರು ಕಾರ್ಡ್ ಇಲ್ಲದವರು, ಕಾಯಲಾಗದವರು, ಹೃದಯದ ತೊಂದರೆಯಿಂದ ಪ್ರಜ್ಞೆ ತಪ್ಪಿಸಲು ಆಗದವರು.

ಆ ಕೊನೆಯ ಗುಂಪಿನಲ್ಲಿ ಒಬ್ಬ ಅಜ್ಜಿ. ಎಪ್ಪತ್ತೈದು ದಾಟಿತ್ತು, ಒಂದೂ ಹಲ್ಲಿಲ್ಲ, ದವಡೆ ಪೆನ್ಸಿಲ್ಲಿನಷ್ಟು ತೆಳ್ಳಗೆ. ಕೊಟ್ಟಿಗೆಯಲ್ಲಿ ಜಾರಿಬಿದ್ದು ದವಡೆಯ ಪಕ್ಕದ ಭಾಗ ಮುರಿದಿತ್ತು. ಅಂಥ ಮೂಳೆಗೆ ಮಿನಿ ಪ್ಲೇಟ್ ನಿಲ್ಲಲ್ಲ, ದೊಡ್ಡ ಪ್ಲೇಟಿಗೆ ಪ್ರಜ್ಞೆ ತಪ್ಪಿಸಬೇಕು, ಅದಕ್ಕೆ ಹೃದಯ ಒಪ್ಪಲ್ಲ. ಅವರದೇ ಹಳೆಯ ಕೆಳಗಿನ ಹಲ್ಲುಸೆಟ್ಟು ಕೇಳಿದೆ. ಮಗ ಊರಿಗೆ ಹೋಗಿ ಹುಡುಕಿ ತಂದ. ಅದರ ಒಳಗೆ ಮೆತ್ತನೆಯ ಲೈನರ್ ಹಾಕಿ, ಬ್ಲಾಕ್ ಕೊಟ್ಟು, ದವಡೆಯ ಸುತ್ತ ಮೂರು ಕಡೆ ತಂತಿ ಹಾಯಿಸಿ ಸೆಟ್ಟನ್ನು ಬಿಗಿದೆ. ಹಳೆಯ ವಿದ್ಯೆ, ಈಗ ಮಾಡುವವರು ಕಡಿಮೆ. ಒಂದು ಕಡೆ ಒತ್ತಿ ಹುಣ್ಣಾಯಿತು, ಅಲ್ಲಿ ಸ್ವಲ್ಪ ತೇಯ್ದೆ. ಆರು ವಾರಕ್ಕೆ ತಂತಿ ತೆಗೆದಾಗ ದವಡೆ ಗಟ್ಟಿ. ಅಜ್ಜಿ ಅದೇ ಸೆಟ್ಟು ಹಾಕಿಕೊಂಡು ಹೋದರು.

ಒಟ್ಟು ಎಷ್ಟಾಯಿತು ಅಂತ ಪುಸ್ತಕ ತೆಗೆದು ಎಣಿಸಿಲ್ಲ, 130ರ ಆಸುಪಾಸು ಇರಬೇಕು. ಕೀವು ಆದವರು ಏಳೆಂಟು, ಅವರಲ್ಲಿ ಐದು ಜನರಿಗೆ ಪ್ಲೇಟ್ ತೆಗೆದೆ. ಮಧ್ಯದಲ್ಲಿ ಕೈಬಿಟ್ಟು ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನಸ್ತೇಶಿಯಾ ಕೊಡಿಸಿದ್ದು ಮೂರು, ಎಲ್ಲವೂ ಮೊದಲ ಎರಡು ವರ್ಷದಲ್ಲಿ. ಮೊದಮೊದಲು ಎರಡು ಗಂಟೆ ಆಗುತ್ತಿತ್ತು, ಈಗ 50 ನಿಮಿಷ, ಒಂದು ಗಂಟೆ. ಎದ್ದು ಕೂತು ಓಡಿಹೋದ ಪೇಷಂಟ್ ಇವತ್ತಿನವರೆಗೆ ಒಬ್ಬರೂ ಇಲ್ಲ.

ಆಂಗಲ್ ಮಾತ್ರ ಇನ್ನೂ ನನ್ನ ಕೈಗೆ ಪೂರ್ತಿ ಬಂದಿಲ್ಲ. ಅಲ್ಲಿ ಹೊರ ಅಂಚಿನ ಮೇಲೆ ಒಂದೇ ಪ್ಲೇಟ್ ಸಾಕು, ಅಷ್ಟಕ್ಕೆ ಕೆಳಅಂಚಿನ ತಂಟೆಯೂ ಇಲ್ಲ. ತೊಂದರೆ ಬೇರೆ: ಅಷ್ಟು ಹಿಂದೆ ಕೆಲಸ ಮಾಡುವಾಗ ಬಾಯಿ ಅಗಲ ತೆರೆದಿರಬೇಕು, ಹಲ್ಲು ಕೂತಿದೆಯೋ ನೋಡಲು ಮುಚ್ಚಬೇಕು, ಅಲ್ಲದೆ ಕೆನ್ನೆಯ ಸ್ನಾಯು ಹಿಂದಿನ ತುಂಡನ್ನು ಮೇಲಕ್ಕೆ ಎಳೆಯುತ್ತಾ ಇರುತ್ತೆ. ಮೂರು ಮಾಡಿದ್ದೇನೆ. ಎರಡು ಚೆನ್ನಾಗಿ ಕೂತವು, ಒಬ್ಬರಿಗೆ ಹತ್ತು ದಿನ ಎಲಾಸ್ಟಿಕ್ ಹಾಕಬೇಕಾಯಿತು. ಮುರಿದ ಗೆರೆಯಲ್ಲೇ ಬುದ್ಧಿಹಲ್ಲು ಇದ್ದರೆ ಮೊದಲು ತೆಗೆಯಬೇಕೋ, ಪ್ಲೇಟ್ ಹಾಕುವವರೆಗೆ ಆಸರೆಗೆ ಬಿಡಬೇಕೋ ಅನ್ನುವುದನ್ನು ಈಗ ಎರಡೂ ರೀತಿ ಮಾಡಿ ನೋಡುತ್ತಿದ್ದೇನೆ. ನಾಲ್ಕನೆಯವರು ಶ್ರೀರಂಗಪಟ್ಟಣದಿಂದ, ಗುರುವಾರ ಬೆಳಗ್ಗೆ ಬರುತ್ತಾರೆ. ಹಲ್ಲು ಬಿಟ್ಟೇ ಕೂರಿಸೋಣ ಅಂತಿದ್ದೇನೆ.